ಸಸ್ಯಗಳ ಸಮೀಪಚಿತ್ರ: ಸ್ಫುಟತೆಯ ಆಳವೂ ಚಿತ್ರದ ರಚನೆಯೂ

ಹೊಸೂರು ಮತ್ತು ಕೃಷ್ಣಗಿರಿಯ ಸೀಮೆ ಸಸ್ಯಸಂಪತ್ತಿನಿಂದ ಕೂಡಿದ ನಾಡು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿರುವ ಹೊಸೂರಿನ ತಂಪು ಹವೆಯಲ್ಲಿ ಗುಲಾಬಿ ಹುಲುಸಾಗಿ ಬೆಳೆಯುತ್ತದೆ. ಇಲ್ಲಿಯ ಹಸುರುಮನೆಗಳ ಹೂಗಳು ಪರದೇಶಗಳಿಗೂ ರವಾನೆಯಾಗುತ್ತವೆ. ಕೃಷ್ಣಗಿರಿಯ ಕಡೆಗೆ ಇಳಿದಂತೆಲ್ಲ ಮಾವಿನ ತೋಪುಗಳು ಎದುರಾಗುತ್ತವೆ. ತಳಿ, ಡೆಂಕಣಿಕೋಟೆ, ಕೆಲಮಂಗಲಗಳ ಸುತ್ತ ರಾಗಿ, ಅವರೆ, ಹುಚ್ಚೆಳ್ಳುಗಳ ಹೊಲಗಳಿವೆ. ಅಂಚೆಟ್ಟಿಯ ಕಡೆಗೆ ಹೋದರೆ ಮೇಲಗಿರಿಯ ಕಾಡು ಕಾಣುತ್ತದೆ. ಇವಲ್ಲದೆ ಯಾರೂ ಬಿತ್ತದೆ, ಯಾರೂ ನೀರೆರೆಯದೆ, ಹೊಲದ ಬದುವಿನಲ್ಲಿಯೂ ಕೆರೆಯ ಏರಿಯ ಮೇಲೆಯೂ ತಾವಾಗಿಯೇ ಬೆಳೆಯುವ ತುಂಬೆ, ವಿಷ್ಣುಕ್ರಾಂತಿ, ಎಕ್ಕ, ತಂಗಡಿ, ಹೊನಗೊನ್ನೆ ಮೊದಲಾದ ಗಿಡಗಳುಂಟು. ಇವುಗಳ ಹೆಸರನ್ನೂ ಗುಣವನ್ನೂ ನಮ್ಮ ಅಜ್ಜಿಯರು ಬಲ್ಲರು. ಮಕ್ಕಳಲ್ಲಿ ಬಲ್ಲವರು ವಿರಳ. ಊರುಗಳು ಬೆಳೆದು, ಬದುಗಳೂ ಬೀಳುಭೂಮಿಗಳೂ ಕಟ್ಟಡಗಳ ನಿವೇಶನಗಳಾಗುತ್ತಿರುವ ಈ ಕಾಲದಲ್ಲಿ, ಗಿಡವೂ ಅದರ ಹೆಸರೂ ಒಟ್ಟಿಗೆ ಮರೆಯಾಗಿಹೋಗುವ ಸಂಭವವಿದೆ.

ಹಾಗಾಗದಂತೆ ತಡೆಯಲು ಇರುವ ಸಾಧನಗಳಲ್ಲಿ ಛಾಯಾಚಿತ್ರವೂ ಒಂದು. ಈಗ ಬಹುಮಟ್ಟಿಗೆ ಮನೆಮನೆಯಲ್ಲಿಯೂ ಕ್ಯಾಮೆರಾ ಇರುವ ಮೊಬೈಲ್ ಉಂಟು. ಮಕ್ಕಳು ಹೂಗಳ ಚಿತ್ರಗಳನ್ನು ಉತ್ಸಾಹದಿಂದ ತೆಗೆಯುತ್ತಾರೆ. ಆದರೆ ತೆಗೆದ ಚಿತ್ರವನ್ನು ಮರುದಿನ ನೋಡಿದಾಗ ಅದು ಯಾವ ಗಿಡವೆಂಬುದೇ ತಿಳಿಯದೆ ಹೋಗುವುದುಂಟು. ದಳದ ಒಂದು ಅಂಚು ಮಾತ್ರ ಸ್ಪಷ್ಟವಾಗಿದ್ದು ಮಿಕ್ಕದ್ದೆಲ್ಲ ಮಂಜಿನಂತಿರುತ್ತದೆ; ಇಲ್ಲವೆ ಹೂವಿಗಿಂತ ಅದರ ಹಿಂದಿನ ಒಣಹುಲ್ಲೇ ಕಣ್ಣಿಗೆ ಹೊಡೆಯುತ್ತದೆ. ಹೀಗೇಕಾಗುತ್ತದೆ? ಇದನ್ನು ಸರಿಪಡಿಸುವ ಬಗೆ ಯಾವುದು? ಈ ಎರಡು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಕಣ್ಣಿನ ನೋಟ, ಕ್ಯಾಮೆರಾದ ನೋಟ

ನಾವು ಒಂದು ಹೂವನ್ನು ನೋಡುವಾಗ ನಮ್ಮ ಕಣ್ಣು ಒಂದೆಡೆ ನಿಲ್ಲುವುದಿಲ್ಲ. ದಳದಿಂದ ಕೇಸರಕ್ಕೆ, ಕೇಸರದಿಂದ ತೊಟ್ಟಿಗೆ ಅದು ಕ್ಷಣಕ್ಷಣಕ್ಕೂ ಓಡಾಡುತ್ತಿರುತ್ತದೆ. ಹೋದಲ್ಲೆಲ್ಲ ಆ ದೂರಕ್ಕೆ ತಕ್ಕಂತೆ ತನ್ನ ಮಸೂರವನ್ನು ಹೊಂದಿಸಿಕೊಳ್ಳುತ್ತದೆ. ಹೀಗೆ ತುಣುಕು ತುಣುಕಾಗಿ ಕಂಡದ್ದನ್ನು ಮನಸ್ಸು ಕೂಡಿಸಿ, ಹೂವೆಲ್ಲವೂ ಒಮ್ಮೆಗೇ ಸ್ಪಷ್ಟವಾಗಿ ಕಂಡಂತೆ ನಮಗೆ ಭಾಸವಾಗುವಂತೆ ಮಾಡುತ್ತದೆ. ಹಿಂದಿನ ಒಣಹುಲ್ಲು ನಮಗೆ ಬೇಡವಾದುದರಿಂದ ಮನಸ್ಸು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಕ್ಯಾಮೆರಾಕ್ಕೆ ಈ ಶಕ್ತಿಯಿಲ್ಲ. ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ಅದರ ಮಸೂರ ಯಾವ ದೂರಕ್ಕೆ ಹೊಂದಿಕೊಂಡಿತ್ತೋ ಆ ಒಂದು ದೂರದಲ್ಲಿರುವುದು ಮಾತ್ರ ನಿಜವಾಗಿ ಸ್ಫುಟವಾಗಿ ಮೂಡುತ್ತದೆ. ಆ ದೂರಕ್ಕಿಂತ ಮುಂದೆಯಾಗಲಿ ಹಿಂದೆಯಾಗಲಿ ಇರುವ ಪ್ರತಿಯೊಂದು ಬಿಂದುವೂ ಚಿತ್ರದಲ್ಲಿ ಬಿಂದುವಾಗದೆ ಒಂದು ಪುಟ್ಟ ಬಿಲ್ಲೆಯಾಗಿ ಬೀಳುತ್ತದೆ. ಬಿಲ್ಲೆ ಬಹಳ ಚಿಕ್ಕದಾಗಿದ್ದರೆ ನಮ್ಮ ಕಣ್ಣಿಗೆ ಅದೂ ಬಿಂದುವಿನಂತೆಯೇ ಕಾಣುವುದರಿಂದ ಆ ಭಾಗವನ್ನೂ ಸ್ಫುಟವೆಂದೇ ಭಾವಿಸುತ್ತೇವೆ. ಬಿಲ್ಲೆ ದೊಡ್ಡದಾದರೆ ಅದನ್ನು ಮಸುಕು ಎನ್ನುತ್ತೇವೆ. ಹೀಗೆ ನಮ್ಮ ಕಣ್ಣು ಸ್ಫುಟವೆಂದು ಒಪ್ಪಿಕೊಳ್ಳುವ ಭಾಗವು ಮುಂದಿನಿಂದ ಹಿಂದಕ್ಕೆ ಎಷ್ಟು ದಪ್ಪವಾಗಿದೆಯೋ ಅದಕ್ಕೆ ಸ್ಫುಟತೆಯ ಆಳ ಎಂದು ಹೆಸರು. ಛಾಯಾಗ್ರಾಹಕರು ಇದನ್ನೇ ಡೆಪ್ತ್ ಆಫ್ ಫೀಲ್ಡ್ ಎನ್ನುತ್ತಾರೆ.

ಹತ್ತಿರ ಹೋದಷ್ಟೂ ಆಳ ಕಡಿಮೆ

ದೂರದ ಬೆಟ್ಟದ ಚಿತ್ರವನ್ನು ತೆಗೆಯುವವನು ಈ ಆಳದ ಚಿಂತೆಯನ್ನು ಮಾಡಬೇಕಾದುದಿಲ್ಲ. ಹೊಸೂರಿನ ಚಂದ್ರಚೂಡೇಶ್ವರ ಬೆಟ್ಟವನ್ನು ಊರಿನಿಂದ ನೋಡಿ ಚಿತ್ರ ತೆಗೆದರೆ ಬೆಟ್ಟವೂ ಗೋಪುರವೂ ನಡುವಿನ ಮನೆಗಳೂ ಒಟ್ಟಿಗೆ ಸ್ಫುಟವಾಗಿ ಬರುತ್ತವೆ. ಆದರೆ ಕ್ಯಾಮೆರಾವನ್ನು ವಸ್ತುವಿನ ಹತ್ತಿರಕ್ಕೆ ಒಯ್ದಂತೆಲ್ಲ ಸ್ಫುಟತೆಯ ಆಳವು ಬಹು ಬೇಗನೆ ಕುಗ್ಗುತ್ತದೆ.

ಇದನ್ನು ಲೆಕ್ಕದಿಂದ ತಿಳಿಯೋಣ. 36 ಮಿಲಿಮೀಟರು ಅಗಲ, 24 ಮಿಲಿಮೀಟರು ಎತ್ತರದ ಸಂವೇದಕವುಳ್ಳ ಕ್ಯಾಮೆರಾ ನಮ್ಮಲ್ಲಿದೆಯೆಂದೂ, ಅದರ ದ್ಯುತಿರಂಧ್ರವನ್ನು ಎಫ್ 8 ಎಂಬಲ್ಲಿಗೆ ಇಟ್ಟಿದ್ದೇವೆಂದೂ, ಚಿತ್ರವನ್ನು ಸಾಧಾರಣ ಗಾತ್ರಕ್ಕೆ ಹಿಗ್ಗಿಸಿ ನೋಡುತ್ತೇವೆಂದೂ ಭಾವಿಸೋಣ. 36 ಸೆಂಟಿಮೀಟರು ಅಗಲದ ಒಂದು ಪೊದೆಯನ್ನು ಚಿತ್ರದ ತುಂಬ ಹಿಡಿಸಿದರೆ ಸ್ಫುಟತೆಯ ಆಳ ಸುಮಾರು 5 ಸೆಂಟಿಮೀಟರು ದೊರೆಯುತ್ತದೆ. ಏಳು ಸೆಂಟಿಮೀಟರು ಅಗಲದ ಒಂದು ರೆಂಬೆಯ ತುದಿಯನ್ನು ಚಿತ್ರದ ತುಂಬ ಹಿಡಿಸಿದರೆ ಆಳ ಸುಮಾರು 3 ಮಿಲಿಮೀಟರಿಗೆ ಇಳಿಯುತ್ತದೆ. ವಸ್ತುವಿನ ನಿಜವಾದ ಅಳತೆಯೂ ಸಂವೇದಕದ ಮೇಲೆ ಬೀಳುವ ಬಿಂಬದ ಅಳತೆಯೂ ಒಂದೇ ಆಗುವಷ್ಟು ಹತ್ತಿರ ಹೋದರೆ, ಅಂದರೆ 36 ಮಿಲಿಮೀಟರು ಅಗಲವನ್ನೇ ಚಿತ್ರದ ತುಂಬ ಹಿಡಿಸಿದರೆ, ಉಳಿಯುವ ಆಳ ಸುಮಾರು 1 ಮಿಲಿಮೀಟರು ಮಾತ್ರ. ಒಂದು ಸಾಸಿವೆ ಕಾಳಿನ ದಪ್ಪಕ್ಕಿಂತ ಇದು ಹೆಚ್ಚಲ್ಲ. ಇಂಥ ನಿಕಟ ಚಿತ್ರಗಳಲ್ಲಿ ಈ ಆಳವು ಫೋಕಸ್ ಮಾಡಿದ ಬಿಂದುವಿನ ಮುಂದೆ ಅರ್ಧ, ಹಿಂದೆ ಅರ್ಧ ಎಂಬಂತೆ ಹಂಚಿಕೊಂಡಿರುತ್ತದೆ.

ಇಷ್ಟು ಸ್ವಲ್ಪವೇ ದೊರೆಯುವ ವಸ್ತುವನ್ನು ಯಾವುದಕ್ಕೆ ಖರ್ಚುಮಾಡಬೇಕು ಎಂಬುದೇ ಸಮೀಪಚಿತ್ರದ ಮುಖ್ಯ ಪ್ರಶ್ನೆ. ಮಿತವಾದ ಆದಾಯವುಳ್ಳ ಮನೆಯ ಯಜಮಾನಿ ಮೊದಲು ಅಕ್ಕಿರಾಗಿಗಳಿಗೆ ಹಣವನ್ನು ತೆಗೆದಿಟ್ಟು ಆಮೇಲೆ ಮಿಕ್ಕದ್ದನ್ನು ನೋಡುವಂತೆ, ಚಿತ್ರ ತೆಗೆಯುವವನು ಗಿಡದಲ್ಲಿ ಅವಶ್ಯವಾಗಿ ಕಾಣಬೇಕಾದುದು ಯಾವುದೆಂದು ಮೊದಲು ನಿರ್ಧರಿಸಿ, ಅದಕ್ಕೆ ಈ ಆಳವನ್ನು ಮೀಸಲಿಡಬೇಕು.

ದ್ಯುತಿರಂಧ್ರದ ಉಪಯೋಗ ಮತ್ತು ಮಿತಿ

ಮಸೂರದ ಒಳಗೆ ಬೆಳಕು ಹಾದುಹೋಗುವ ಕಿಂಡಿಗೆ ದ್ಯುತಿರಂಧ್ರವೆಂದು ಹೆಸರು. ಅಪರ್ಚರ್ ಎಂದು ಕ್ಯಾಮೆರಾದ ಮೇಲೆ ಕಾಣಿಸುವುದು ಇದೇ. ಇದರ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು. ಎಫ್ 8ರಿಂದ ಎಫ್ 16ಕ್ಕೆ ಹೋದರೆ ಕಿಂಡಿಯ ಅಡ್ಡಳತೆ ಅರ್ಧವಾಗುತ್ತದೆ, ಸ್ಫುಟತೆಯ ಆಳ ಇಮ್ಮಡಿಯಾಗುತ್ತದೆ. ಮೇಲೆ ಹೇಳಿದ 1 ಮಿಲಿಮೀಟರು 2 ಮಿಲಿಮೀಟರು ಆಗುತ್ತದೆ.

ಹಾಗಾದರೆ ಕಿಂಡಿಯನ್ನು ಆದಷ್ಟು ಕಿರಿದುಮಾಡಿಬಿಟ್ಟರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಎರಡು ಅಡ್ಡಿಗಳಿವೆ. ಮೊದಲನೆಯದು ಬೆಳಕು. ಎಫ್ 16ರಲ್ಲಿ ಒಳಗೆ ಬರುವ ಬೆಳಕು ಎಫ್ 8ರಲ್ಲಿ ಬರುವುದರ ಕಾಲುಭಾಗ. ಆದುದರಿಂದ ಮೊದಲು ಒಂದು ಸೆಕೆಂಡಿನ 250ನೆಯ ಒಂದು ಭಾಗದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಸುಮಾರು 60ನೆಯ ಒಂದು ಭಾಗದಷ್ಟು ಕಾಲ ಬೇಕು. ಅಷ್ಟರೊಳಗೆ ಗಾಳಿ ಬೀಸಿ ಹೂ ಅಲುಗಿದರೆ, ಕಿಂಡಿಯನ್ನು ಕಿರಿದುಮಾಡಿ ಗಳಿಸಿದ ಸ್ಫುಟತೆ ಅಲುಗಾಟದಿಂದ ನಷ್ಟವಾಗುತ್ತದೆ. ಎರಡನೆಯದು ಬೆಳಕಿನ ಸ್ವಭಾವ. ಬಹಳ ಕಿರಿದಾದ ಕಿಂಡಿಯನ್ನು ಹಾದುಬರುವ ಬೆಳಕು ಅಂಚುಗಳಲ್ಲಿ ಬಾಗಿ ಹರಡಿಕೊಳ್ಳುತ್ತದೆ. ಭೌತವಿಜ್ಞಾನದ ಪಾಠದಲ್ಲಿ ಬರುವ ವಿವರ್ತನೆ ಎಂಬುದು ಇದೇ. ಇದರಿಂದ ಚಿತ್ರವೆಲ್ಲವೂ ತುಸು ಮೆತ್ತಗಾಗುತ್ತದೆ. ಈ ಎರಡು ಕಾರಣಗಳಿಂದ ಸಮೀಪಚಿತ್ರಕ್ಕೆ ಎಫ್ 8ರಿಂದ ಎಫ್ 16ರ ವರೆಗಿನ ಕಿಂಡಿಗಳೇ ಸಾಮಾನ್ಯವಾಗಿ ಉಚಿತ.

ಬೇರೆ ಬೇರೆ ಆಳಗಳಿಗೆ ಫೋಕಸ್ ಮಾಡಿ ಒಂದೇ ಹೂವಿನ ಹತ್ತಾರು ಚಿತ್ರಗಳನ್ನು ತೆಗೆದು, ಪ್ರತಿಯೊಂದರ ಸ್ಫುಟವಾದ ಭಾಗವನ್ನು ಗಣಕಯಂತ್ರದಲ್ಲಿ ಕೂಡಿಸಿ ಒಂದು ಚಿತ್ರ ಮಾಡುವ ವಿಧಾನವೂ ಈಗ ಬಳಕೆಯಲ್ಲಿದೆ. ಅಲುಗದ ವಸ್ತುವಿಗೆ ಅದು ಬಹು ಉಪಯುಕ್ತ. ಹೊಲದಲ್ಲಿ ಗಾಳಿಗೆ ತೂಗಾಡುವ ಗಿಡಕ್ಕೆ ಅದರಿಂದ ಹೆಚ್ಚು ಸಹಾಯವಾಗದು.

ಕ್ಯಾಮೆರಾವನ್ನು ಹಿಡಿಯುವ ಬಗೆ

ಖರ್ಚಿಲ್ಲದೆಯೂ ಯಂತ್ರದ ಹಂಗಿಲ್ಲದೆಯೂ ಸ್ಫುಟತೆಯನ್ನು ಗಳಿಸಿಕೊಡುವ ಉಪಾಯ ಒಂದುಂಟು. ಸ್ಫುಟವಾದ ಭಾಗವು ಕ್ಯಾಮೆರಾದ ಮುಖಕ್ಕೆ ಸಮಾಂತರವಾಗಿ ನಿಂತ ಒಂದು ತೆಳುವಾದ ಹಲಗೆಯಂತೆ ಇರುತ್ತದೆ. ಗಿಡದ ಮುಖ್ಯ ಭಾಗಗಳು ಆ ಹಲಗೆಯ ಮೇಲೆಯೇ ಬರುವಂತೆ ಕ್ಯಾಮೆರಾವನ್ನು ಹಿಡಿದರೆ ಸ್ವಲ್ಪ ಆಳವೇ ಸಾಕಾಗುತ್ತದೆ. ಮೂರು ಹೂಗಳ ಮೇಲೆ ಇದನ್ನು ಪ್ರಯೋಗಮಾಡಿ ನೋಡಬಹುದು.

ಮೊದಲನೆಯದು ವಿಷ್ಣುಕ್ರಾಂತಿ. ನೆಲವನ್ನು ಹಿಡಿದು ಹರಡುವ ಈ ಗಿಡದ ನೀಲಿ ಹೂ ಒಂದು ಸೆಂಟಿಮೀಟರಿಗಿಂತಲೂ ಕಿರಿದು; ಬೆಳಗ್ಗೆ ಅರಳಿ ಹೊತ್ತೇರಿದ ಮೇಲೆ ಮುದುಡುತ್ತದೆ. ಅರಳಿದಾಗ ಅದು ಬಹುಮಟ್ಟಿಗೆ ಚಪ್ಪಟೆ. ಓರೆಯಾಗಿ ನಿಂತು ಚಿತ್ರ ತೆಗೆದರೆ ಹತ್ತಿರದ ಅಂಚು ಸ್ಪಷ್ಟವಾಗಿ ದೂರದ ಅಂಚು ಮಸುಕಾಗುತ್ತದೆ. ಹೂವಿನ ಮುಖಕ್ಕೆ ನೇರವಾಗಿ ಕ್ಯಾಮೆರಾವನ್ನು ಹಿಡಿದರೆ ಅದೇ ದ್ಯುತಿರಂಧ್ರದಲ್ಲಿಯೇ ಇಡೀ ಹೂ ಸ್ಫುಟವಾಗಿ ಬರುತ್ತದೆ.

ಎರಡನೆಯದು ಶಿವಪೂಜೆಗೆ ಒದಗುವ ತುಂಬೆ. ಇದರ ಬಿಳಿಯ ಹೂವಿಗೆ ಎರಡು ತುಟಿಗಳಿವೆ. ಮೇಲಿನದು ಮುಸುಕಿನಂತೆ ಕಿರಿದಾಗಿ ರೋಮದಿಂದ ಕೂಡಿದ್ದು ಕೇಸರಗಳನ್ನು ಮರೆಮಾಡಿರುತ್ತದೆ, ಕೆಳಗಿನದು ಅಗಲವಾಗಿ ಚಾಚಿರುತ್ತದೆ. ಮುಂದಿನಿಂದ ತೆಗೆದ ಚಿತ್ರದಲ್ಲಿ ಕೆಳತುಟಿ ಮಾತ್ರ ಕಾಣುತ್ತದೆ. ಕಾಂಡಕ್ಕೆ ಸಮಾಂತರವಾಗಿ ಪಕ್ಕದಿಂದ ತೆಗೆದರೆ ಎರಡು ತುಟಿಗಳೂ, ಗೆಣ್ಣಿನ ಸುತ್ತ ಹೂಗಳು ಗುಂಪಾಗಿ ನಿಂತ ಕ್ರಮವೂ, ಎದುರುಬದುರಾಗಿ ಹುಟ್ಟಿದ ಎಲೆಗಳೂ ಒಟ್ಟಿಗೆ ಕಾಣುತ್ತವೆ. ತುಂಬೆಯನ್ನು ತುಂಬೆಯೆಂದು ಗುರುತಿಸಲು ಬೇಕಾದುದೆಲ್ಲ ಈ ಒಂದು ನೋಟದಲ್ಲಿದೆ.

ಮೂರನೆಯದು ಗುಲಾಬಿ. ಸುರುಳಿಸುರುಳಿಯಾಗಿ ದಳಗಳನ್ನು ಹೊದ್ದ ಗುಲಾಬಿಯ ಆಳ ನಾಲ್ಕೈದು ಸೆಂಟಿಮೀಟರು ಇರಬಹುದು. 12 ಸೆಂಟಿಮೀಟರು ಅಗಲವನ್ನು ಚಿತ್ರದಲ್ಲಿ ಹಿಡಿಸಿದರೆ ಎಫ್ 16ರಲ್ಲಿಯೂ ದೊರೆಯುವ ಆಳ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚಲ್ಲ. ಆದುದರಿಂದ ಒಂದೇ ಚಿತ್ರದಲ್ಲಿ ಇಡೀ ಗುಲಾಬಿಯನ್ನು ಸ್ಫುಟವಾಗಿ ತೋರಿಸುವ ಆಸೆಯನ್ನು ಬಿಡಬೇಕು. ನಡುವಿನ ಸುರುಳಿಯ ಅಂಚಿಗೆ ಫೋಕಸ್ ಮಾಡಿ ಹೊರಗಿನ ದಳಗಳು ಮೆಲ್ಲನೆ ಮಸುಕಾಗಲು ಬಿಟ್ಟರೆ ನೋಡುವವರ ಕಣ್ಣು ತಾನಾಗಿಯೇ ಹೂವಿನ ಹೃದಯಕ್ಕೆ ಹೋಗುತ್ತದೆ. ಇಲ್ಲಿ ಮಸುಕು ದೋಷವಾಗದೆ ಗುಣವೇ ಆಗುತ್ತದೆ.

ಚಿತ್ರದ ರಚನೆ

ಯಾವುದು ಸ್ಫುಟವಾಗಿರಬೇಕು ಎಂಬುದನ್ನು ನಿರ್ಧರಿಸಿದ ಮೇಲೆ ಯಾವುದು ಚಿತ್ರದ ಒಳಗಿರಬೇಕು, ಯಾವುದು ಹೊರಗಿರಬೇಕು ಎಂಬ ಪ್ರಶ್ನೆ ಬರುತ್ತದೆ. ರಚನೆ ಎನ್ನುವುದು ಇದನ್ನೇ.

ಕನ್ನಡದ ಹೆಸರಾಂತ ಸಸ್ಯವಿಜ್ಞಾನಿಗಳಾದ ಬಿ. ಜಿ. ಎಲ್. ಸ್ವಾಮಿಯವರು (1918–1980) ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿಯೂ ಪ್ರಾಂಶುಪಾಲರಾಗಿಯೂ ಇದ್ದವರು. ವಿದ್ಯಾರ್ಥಿಗಳೊಡನೆ ಕಾಡುಮೇಡುಗಳಲ್ಲಿ ಅಲೆದು ಸಸ್ಯಗಳನ್ನು ಪರಿಚಯಿಸಿದ ಅವರ ‘ಹಸುರು ಹೊನ್ನು’ ಎಂಬ ಗ್ರಂಥಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಅದರಲ್ಲಿರುವ ಸಸ್ಯಗಳ ರೇಖಾಚಿತ್ರಗಳನ್ನು ಅವರೇ ಬರೆದರು. ರೇಖೆಯಿಂದ ಚಿತ್ರಿಸುವವರಿಗೆ ಒಂದು ಸೌಕರ್ಯವಿದೆ: ಬೇಡವಾದುದನ್ನು ಅವರು ಬರೆಯದೆಯೇ ಬಿಡಬಹುದು. ಕ್ಯಾಮೆರಾವಾದರೋ ತನ್ನ ಮುಂದಿರುವುದನ್ನೆಲ್ಲ ಬಾಚಿಕೊಳ್ಳುತ್ತದೆ. ಆದುದರಿಂದ ಛಾಯಾಗ್ರಾಹಕನು ಬೇಡವಾದುದನ್ನು ಬಿಡಲು ಬೇರೆ ದಾರಿಗಳನ್ನು ಹುಡುಕಬೇಕು. ಚೌಕಟ್ಟಿನಿಂದ ಹೊರಗಿಡುವುದು ಒಂದು ದಾರಿ. ಸ್ಫುಟತೆಯ ಆಳದಿಂದ ಹೊರಗಿಡುವುದು ಇನ್ನೊಂದು. ರಚನೆ ಮತ್ತು ಆಳ ಇವೆರಡೂ ಒಂದೇ ಕೆಲಸದ ಎರಡು ಕೈಗಳೆಂದು ತಿಳಿಯಬೇಕು.

ಹಿನ್ನೆಲೆಯನ್ನು ಮೊದಲು ನೋಡಿಕೊಳ್ಳಬೇಕು. ಗಿಡಕ್ಕೂ ಹಿನ್ನೆಲೆಗೂ ನಡುವೆ ಅಂತರ ಹೆಚ್ಚಿದಷ್ಟೂ ಹಿನ್ನೆಲೆ ಮೆತ್ತಗಾಗಿ ಒಂದೇ ಬಣ್ಣದ ತೆರೆಯಂತಾಗುತ್ತದೆ. ಬದುವಿನ ಮೇಲಿನ ತುಂಬೆಯನ್ನು ನಿಂತುಕೊಂಡು ಮೇಲಿನಿಂದ ತೆಗೆದರೆ ಅದರ ಹಿನ್ನೆಲೆ ಅಂಗುಲದೂರದ ನೆಲ ಮತ್ತು ಕಸಕಡ್ಡಿ. ಮೊಣಕಾಲೂರಿ ಗಿಡದ ಮಟ್ಟಕ್ಕೆ ಇಳಿದು ತೆಗೆದರೆ ಹಿನ್ನೆಲೆ ಹತ್ತಾರು ಮಾರು ದೂರದ ಹುಚ್ಚೆಳ್ಳಿನ ಹೊಲ; ಅದು ಹಳದಿಯ ಮೃದುವಾದ ತೆರೆಯಾಗಿ ಬಿಳಿಯ ಹೂವನ್ನು ಎತ್ತಿ ತೋರಿಸುತ್ತದೆ. ಕ್ಯಾಮೆರಾವನ್ನು ಒಂದು ಗೇಣು ಅತ್ತಿತ್ತ ಸರಿಸಿದರೂ ಹಿನ್ನೆಲೆ ಬದಲಾಗುವುದನ್ನು ಮಕ್ಕಳು ಗಮನಿಸಬೇಕು.

ಇನ್ನು ಚೌಕಟ್ಟು. ಒಂದು ಚಿತ್ರದಲ್ಲಿ ಒಂದೇ ವಿಷಯವಿರಲಿ. ಹೂವನ್ನು ಸರಿಯಾಗಿ ನಡುವೆ ಕೂರಿಸುವುದಕ್ಕಿಂತ, ಚಿತ್ರವನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಮೂರು ಭಾಗಮಾಡಿದಂತೆ ಕಲ್ಪಿಸಿಕೊಂಡು ಗೆರೆಗಳು ಕೂಡುವೆಡೆಯಲ್ಲಿ ಇಡುವುದು ಹಲವು ಸಲ ಅಂದವಾಗಿರುತ್ತದೆ. ಹೂ ಯಾವ ಕಡೆಗೆ ಮುಖಮಾಡಿದೆಯೋ ಆ ಕಡೆಗೆ ಹೆಚ್ಚು ಬಯಲನ್ನು ಬಿಡಬೇಕು. ಬಾಗಿದ ರಾಗಿಯ ತೆನೆಯನ್ನು ಮೂಲೆಯಿಂದ ಮೂಲೆಗೆ ಹೋಗುವಂತೆ ಹಿಡಿದರೆ ಅದರ ಭಾರ ಕಣ್ಣಿಗೆ ತಿಳಿಯುತ್ತದೆ. ವಿಷ್ಣುಕ್ರಾಂತಿಯಂಥ ದುಂಡನೆಯ ಹೂವನ್ನು ನೇರವಾಗಿ ನೋಡುವಾಗ ಮಾತ್ರ ನಡುವೆ ಇಡುವುದೇ ಒಪ್ಪುತ್ತದೆ. ಗುಂಡಿಯನ್ನು ಒತ್ತುವ ಮುಂಚೆ ಚೌಕಟ್ಟಿನ ನಾಲ್ಕು ಅಂಚುಗಳನ್ನೂ ಒಮ್ಮೆ ಸುತ್ತಿ ನೋಡಬೇಕು. ಅಂಚಿನಿಂದ ಒಳಗೆ ಚಾಚಿದ ಒಂದು ಬಿಳಿಯ ಒಣಕಡ್ಡಿ ಇಡೀ ಚಿತ್ರವನ್ನು ಕೆಡಿಸಬಲ್ಲದು.

ಪಾಶ್ಚಾತ್ಯ ದೇಶಗಳ ಇಬ್ಬರ ಕೆಲಸವನ್ನು ಇಲ್ಲಿ ಸ್ಮರಿಸುವುದು ಉಚಿತ. ಬರ್ಲಿನ್ನಿನಲ್ಲಿ ಕಲಾವಿದ್ಯಾರ್ಥಿಗಳಿಗೆ ಉಪಾಧ್ಯಾಯರಾಗಿದ್ದ ಕಾರ್ಲ್ ಬ್ಲಾಸ್‌ಫೆಲ್ಟ್ (1865–1932) ಎಂಬವರು ದಾರಿಬದಿಯ ಸಾಮಾನ್ಯ ಗಿಡಗಳ ಚಿಗುರು, ಕಾಯಿ, ಕಾಂಡಗಳನ್ನು ಸರಳವಾದ ಹಿನ್ನೆಲೆಯ ಮುಂದಿಟ್ಟು ಹಲವು ಪಟ್ಟು ಹಿಗ್ಗಿಸಿ ಚಿತ್ರ ತೆಗೆದರು. ತಮ್ಮ ವಿದ್ಯಾರ್ಥಿಗಳಿಗೆ ಪ್ರಕೃತಿಯ ಆಕಾರಗಳನ್ನು ತೋರಿಸುವುದೇ ಅವರ ಉದ್ದೇಶವಾಗಿತ್ತು. 1928ರಲ್ಲಿ ಅವು ಪುಸ್ತಕವಾಗಿ ಬಂದಾಗ ಜನರು ಬೆರಗಾದರು. ಅಮೆರಿಕದ ಎಡ್ವರ್ಡ್ ವೆಸ್ಟನ್ ಎಂಬವರು 1930ರಲ್ಲಿ ಒಂದು ದಪ್ಪ ಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗಿಟ್ಟು, ಕಿಂಡಿಯನ್ನು ಬಹಳ ಕಿರಿದುಮಾಡಿ, ಹಲವು ನಿಮಿಷಗಳ ಕಾಲ ಬೆಳಕನ್ನು ಒಳಗೆ ಬಿಟ್ಟು ತೆಗೆದ ಚಿತ್ರ ಜಗತ್ಪ್ರಸಿದ್ಧವಾಯಿತು. ಅವರೂ ಅವರ ಮಿತ್ರರೂ 1932ರಲ್ಲಿ ಕಟ್ಟಿಕೊಂಡ ಸಂಘಕ್ಕೆ ಎಫ್ 64 ಎಂಬ ದ್ಯುತಿರಂಧ್ರದ ಹೆಸರನ್ನೇ ಇಟ್ಟರು. ಇವರಿಬ್ಬರೂ ಅಪೂರ್ವವಾದ ಸಸ್ಯಗಳನ್ನು ಅರಸಿಕೊಂಡು ಹೋಗಲಿಲ್ಲ. ಎಲ್ಲರೂ ಕಂಡ ವಸ್ತುವನ್ನೇ ತಾಳ್ಮೆಯಿಂದ ನೋಡಿದರು.

ಗಾಳಿ ಮತ್ತು ಬಿಸಿಲು

ಸೂರ್ಯೋದಯದ ನಂತರದ ಒಂದೆರಡು ಗಂಟೆಗಳು ಈ ಕೆಲಸಕ್ಕೆ ಶ್ರೇಷ್ಠವಾದ ಕಾಲ. ಆಗ ಸಾಮಾನ್ಯವಾಗಿ ಗಾಳಿ ಕಡಿಮೆ, ಬೆಳಕು ಮೃದು. ನಡುಹಗಲಿನ ಬಿಸಿಲಿನಲ್ಲಿ ಬಿಳಿಯ ಹೂಗಳ ವಿವರವೆಲ್ಲ ಸುಟ್ಟುಹೋದಂತಾಗಿ ನೆರಳುಗಳು ಕಪ್ಪಾಗುತ್ತವೆ. ಆ ಹೊತ್ತಿನಲ್ಲಿಯೇ ತೆಗೆಯಬೇಕಾದರೆ ಒಂದು ತೆಳುವಾದ ಬಿಳಿಯ ಪಂಚೆಯನ್ನು ಇಬ್ಬರು ಗಿಡದ ಮೇಲೆ ಚಪ್ಪರದಂತೆ ಹಿಡಿದುಕೊಳ್ಳಬಹುದು. ನೆರಳಿನ ಕಡೆಗೆ ಒಂದು ಬಿಳಿಯ ಕಾಗದವನ್ನು ಹಿಡಿದರೆ ಅದರಿಂದ ಪ್ರತಿಫಲಿಸಿದ ಬೆಳಕು ಆ ಭಾಗವನ್ನೂ ಬೆಳಗುತ್ತದೆ. ಗಿಡ ತೂಗಾಡುತ್ತಿದ್ದರೆ ಪಕ್ಕದಲ್ಲಿ ಒಂದು ಕಡ್ಡಿಯನ್ನು ನೆಟ್ಟು ಕಾಂಡವನ್ನು ಸಡಿಲವಾಗಿ ಅದಕ್ಕೆ ಆನಿಸಬಹುದು. ಕೆಲಸ ಮುಗಿದ ಮೇಲೆ ಬಿಚ್ಚಿಬಿಡಬೇಕು. ಹೂವನ್ನು ಕಿತ್ತು ತಂದು ಚಿತ್ರ ತೆಗೆಯುವ ಅಭ್ಯಾಸ ಬೇಡ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯವಾದುದರಿಂದ ಅದನ್ನು ಮುಟ್ಟದೆಯೇ ಚಿತ್ರ ತೆಗೆಯಬೇಕು. 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮವೆಂದು ಘೋಷಿಸಲಾದ ಕಾಡಿಗೆ ಅನುಮತಿಯಿಲ್ಲದೆ ಹೋಗಬಾರದು. ಕಾಡಂಚಿನ ಹೊಲಗಳಲ್ಲಿ ಆನೆಗಳ ಸಂಚಾರವಿರುವುದರಿಂದ ಹಿರಿಯರು ಜೊತೆಗಿಲ್ಲದೆ ಮಕ್ಕಳು ಅತ್ತ ಸುಳಿಯಬಾರದು.

ಮೊಬೈಲಿನಿಂದ ತೆಗೆಯುವವರಿಗೆ

ಬೆಲೆಬಾಳುವ ಕ್ಯಾಮೆರಾ ಇಲ್ಲವೆಂದು ಯಾರೂ ಹಿಂಜರಿಯಬೇಕಾದುದಿಲ್ಲ. ಮೊಬೈಲಿನ ಸಂವೇದಕ ಬಹಳ ಚಿಕ್ಕದು. ಒಂದೇ ವಿಸ್ತಾರದ ದೃಶ್ಯವನ್ನು ಹಿಡಿಯುವಾಗ ಚಿಕ್ಕ ಸಂವೇದಕದಲ್ಲಿ ಸ್ಫುಟತೆಯ ಆಳ ಹೆಚ್ಚು ದೊರೆಯುತ್ತದೆ. ಬಡವನ ಸಾಧನಕ್ಕೆ ಇಲ್ಲಿ ಒಂದು ಅನುಕೂಲವೇ ಇದೆ. ಆದರೆ ಮೂರು ಸಂಗತಿಗಳನ್ನು ಗಮನದಲ್ಲಿಡಬೇಕು.

ಒಂದನೆಯದಾಗಿ, ಪ್ರತಿಯೊಂದು ಮೊಬೈಲಿಗೂ ಅದಕ್ಕಿಂತ ಹತ್ತಿರ ಹೋದರೆ ಫೋಕಸ್ ಆಗದ ಒಂದು ಮಿತಿಯುಂಟು. ಅದನ್ನು ದಾಟದೆ ತುಸು ದೂರದಿಂದಲೇ ತೆಗೆದು ಆಮೇಲೆ ಚಿತ್ರವನ್ನು ಬೇಕಾದಷ್ಟಕ್ಕೆ ಕತ್ತರಿಸಿಕೊಳ್ಳಬೇಕು. ಶಾಲೆಯ ಪ್ರಯೋಗಶಾಲೆಯಲ್ಲಿರುವ ಭೂತಗನ್ನಡಿಯನ್ನು ಮೊಬೈಲಿನ ಮಸೂರದ ಮುಂದೆ ಹಿಡಿದರೆ ಇನ್ನೂ ಹತ್ತಿರ ಹೋಗಬಹುದು. ಎರಡನೆಯದಾಗಿ, ಪರದೆಯ ಮೇಲೆ ಯಾವ ಭಾಗ ಸ್ಫುಟವಾಗಬೇಕೋ ಆ ಭಾಗವನ್ನು ಬೆರಳಿನಿಂದ ಮುಟ್ಟಬೇಕು. ಇಲ್ಲದಿದ್ದರೆ ಯಂತ್ರ ತನಗೆ ತೋಚಿದ್ದನ್ನು ಆರಿಸಿಕೊಳ್ಳುತ್ತದೆ. ಮೂರನೆಯದಾಗಿ, ಪೋರ್ಟ್ರೇಟ್ ಎಂಬ ಹೆಸರಿನಲ್ಲಿ ಮೊಬೈಲು ಹಿನ್ನೆಲೆಯನ್ನು ಮಸುಕುಮಾಡುವುದು ಬಹುಮಟ್ಟಿಗೆ ಲೆಕ್ಕಾಚಾರದಿಂದ. ಮನುಷ್ಯರ ಮುಖಕ್ಕೆ ಅದು ಹೊಂದೀತು. ಗಿಡದಲ್ಲಿಯಾದರೋ ಎಲೆಯ ಅಂಚಿನ ಹಲ್ಲುಗಳನ್ನೂ ಕಾಂಡದ ಮೇಲಿನ ರೋಮಗಳನ್ನೂ ಅದು ಹಿನ್ನೆಲೆಯೆಂದು ತಪ್ಪಾಗಿ ಎಣಿಸಿ ಅಳಿಸಿಬಿಡುವುದುಂಟು. ಗಿಡದ ಗುರುತು ಇರುವುದೇ ಅಂಥ ಸಣ್ಣ ವಿವರಗಳಲ್ಲಿ. ಆದುದರಿಂದ ಸಸ್ಯಚಿತ್ರಗಳಿಗೆ ಅದನ್ನು ಬಳಸದಿರುವುದು ಲೇಸು.

ಗುರುತಿಗಾಗಿ ತೆಗೆಯುವ ಚಿತ್ರ

ಸಣ್ಣ ವಿವರ ಎಷ್ಟು ಮುಖ್ಯವೆಂಬುದಕ್ಕೆ ನಮ್ಮ ಸೀಮೆಯ ಎರಡು ಉದಾಹರಣೆಗಳನ್ನು ನೋಡೋಣ.

ಮಳೆಗಾಲದಲ್ಲಿ ಹೊಲದ ಬದುಗಳಿಂದ ಬೆರಕೆ ಸೊಪ್ಪನ್ನು ಆಯ್ದು ತಂದು ಸಾರು ಮಾಡುವುದು ಇಲ್ಲಿಯ ಹಳೆಯ ವಾಡಿಕೆ. ಅದರಲ್ಲಿ ಬರುವ ಹೊನಗೊನ್ನೆ ಎಲ್ಲರೂ ಬಲ್ಲ ಸೊಪ್ಪು. ಇದಕ್ಕೆ ಹತ್ತಿರದ ನಂಟಿನ, ಅಮೆರಿಕ ಖಂಡದಿಂದ ಬಂದು ನೆಲೆಸಿದ ಒಂದು ಕಳೆಗಿಡವುಂಟು. ಎರಡೂ ನೆಲದಲ್ಲಿ ಹರಡುತ್ತವೆ. ಎರಡಕ್ಕೂ ಎಲೆಯ ಕಂಕುಳಲ್ಲಿ ಪುಟ್ಟ ಹೂಗೊಂಚಲುಗಳಿವೆ. ಹೊನಗೊನ್ನೆಯ ಗೊಂಚಲು ನಯವಾಗಿ ಬೆಳ್ಳಿಯಂತೆ ಹೊಳೆಯುತ್ತದೆ. ಕಳೆಯ ಗೊಂಚಲು ಬರಿಗಾಲಿಗೆ ಚುಚ್ಚುವ ಮುಳ್ಳುಗಳಿಂದ ಕೂಡಿದೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಎಲೆಗಳು ಸ್ಫುಟವಾಗಿದ್ದು ಗೊಂಚಲು ಮಸುಕಾಗಿದ್ದರೆ ಈ ವ್ಯತ್ಯಾಸವೇ ಕಾಣದು. ಪಕ್ಕದಿಂದ, ಗೊಂಚಲಿಗೆ ಫೋಕಸ್ ಮಾಡಿ, ಎಲೆ ಹುಟ್ಟಿದ ಗೆಣ್ಣೂ ಅದೇ ಹಲಗೆಯಲ್ಲಿ ಬರುವಂತೆ ತೆಗೆದರೆ ಸಂದೇಹ ದೂರವಾಗುತ್ತದೆ. ಇಷ್ಟಾದರೂ ಚಿತ್ರವೊಂದನ್ನೇ ನಂಬಿ ಯಾವ ಸೊಪ್ಪನ್ನೂ ತಿನ್ನಬಾರದು. ಬಲ್ಲ ಹಿರಿಯರಿಗೆ ಗಿಡವನ್ನೇ ತೋರಿಸಿ ಕೇಳಬೇಕು.

ಇನ್ನೊಂದು ಮಾವಿನ ಹೂ. ಒಂದೊಂದು ಗೊಂಚಲಿನಲ್ಲಿಯೂ ನೂರಾರು, ಕೆಲವೊಮ್ಮೆ ಸಾವಿರಾರು ಹೂಗಳಿರುತ್ತವೆ. ಅವುಗಳಲ್ಲಿ ಕೆಲವು ಗಂಡು ಹೂಗಳು, ಕೆಲವು ದ್ವಿಲಿಂಗ ಹೂಗಳು. ಕಾಯಿ ಕಟ್ಟಬಲ್ಲವು ದ್ವಿಲಿಂಗ ಹೂಗಳು ಮಾತ್ರ. ಅವುಗಳ ನಡುವೆ ಅಂಡಾಶಯವೆಂಬ ಪುಟ್ಟ ದುಂಡನೆಯ ಗುಂಡು ಕಾಣುತ್ತದೆ. ಹೂವಿನ ಅಗಲ ಒಂದು ಸೆಂಟಿಮೀಟರಿಗಿಂತ ಕಡಿಮೆಯಾದುದರಿಂದ ಬರಿಗಣ್ಣಿಗೆ ಇದು ಸುಲಭವಾಗಿ ತೋರದು. ದಳದ ತುದಿಗೆ ಫೋಕಸ್ ಮಾಡಿದ ಚಿತ್ರದಲ್ಲಿಯೂ ತೋರದು. ಹೂವಿನ ಮುಖಕ್ಕೆ ನೇರವಾಗಿ ನಿಂತು ಅದರ ನಡುಭಾಗಕ್ಕೆ ಫೋಕಸ್ ಮಾಡಿ ತೆಗೆದ ಚಿತ್ರ, ತೋಪಿನ ಒಡೆಯನಾದ ತಂದೆಗೂ ಶಾಲೆಗೆ ಹೋಗುವ ಮಗನಿಗೂ ಒಂದೇ ಪಾಠವನ್ನು ಹೇಳಬಲ್ಲದು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ

ಒಬ್ಬೊಬ್ಬ ವಿದ್ಯಾರ್ಥಿಯೂ ವರ್ಷಕ್ಕೆ ಐದು ಗಿಡಗಳನ್ನು ಆರಿಸಿಕೊಂಡು ಪ್ರತಿಯೊಂದಕ್ಕೂ ನಾಲ್ಕು ಚಿತ್ರಗಳನ್ನು ತೆಗೆದರೆ ಸಾಕು: ಇಡೀ ಗಿಡ ತಾನಿರುವ ಸ್ಥಳದಲ್ಲಿ, ಕಾಂಡದ ಮೇಲೆ ಎಲೆಗಳು ಕೂಡಿಕೊಂಡ ಬಗೆ, ಹೂ ಮುಂದಿನಿಂದ ಮತ್ತು ಪಕ್ಕದಿಂದ. ಕಾಯಿ ಬಿಟ್ಟಾಗ ಅದರ ಚಿತ್ರವನ್ನೂ ಸೇರಿಸಬಹುದು. ಒಂದು ಚಿತ್ರದಲ್ಲಿ ಗಿಡದ ಪಕ್ಕದಲ್ಲಿ, ಅದೇ ದೂರದಲ್ಲಿ, ಅಳತೆಪಟ್ಟಿಯನ್ನು ಇಟ್ಟರೆ ಗಾತ್ರ ತಿಳಿಯುತ್ತದೆ. ತಾರೀಖನ್ನೂ ಸ್ಥಳವನ್ನೂ ತಪ್ಪದೆ ಬರೆದಿಡಬೇಕು.

ಜೊತೆಗೆ ಹೆಸರನ್ನೂ ಬರೆಯಬೇಕು. ಕನ್ನಡ, ತಮಿಳು, ತೆಲುಗು ಮೂರೂ ಕಿವಿಗೆ ಬೀಳುವ ಈ ಸೀಮೆಯಲ್ಲಿ ಒಂದೇ ಗಿಡಕ್ಕೆ ಮೂರು ಹೆಸರುಗಳುಂಟು. ನಮ್ಮ ಎಕ್ಕ ತಮಿಳಿನಲ್ಲಿ ಎರುಕ್ಕು, ತೆಲುಗಿನಲ್ಲಿ ಜಿಲ್ಲೇಡು. ನಮ್ಮ ತುಂಬೆ ತಮಿಳಿನಲ್ಲಿ ತುಂಬೈ, ತೆಲುಗಿನಲ್ಲಿ ತುಮ್ಮಿ. ನಮ್ಮ ತಂಗಡಿ ತೆಲುಗಿನಲ್ಲಿ ತಂಗೇಡು. ಅದರ ಇನ್ನೊಂದು ಕನ್ನಡ ಹೆಸರಾದ ಆವರಿಕೆ ತಮಿಳಿನ ಆವಾರಂ ಎಂಬುದಕ್ಕೆ ಸಮೀಪ. ಹೊನಗೊನ್ನೆಯಾದರೋ ತಮಿಳಿನಲ್ಲಿ ಪೊನ್ನಾಂಗಣ್ಣಿ, ತೆಲುಗಿನಲ್ಲಿ ಪೊನ್ನಗಂಟಿ. ಹಳಗನ್ನಡದ ಪೊನ್ ಎಂಬುದೇ ಇಂದಿನ ಹೊನ್ನು ಎಂಬುದನ್ನು ನೆನೆದರೆ ಈ ಮೂರು ಹೆಸರುಗಳ ನಂಟು ತಾನಾಗಿ ಹೊಳೆಯುತ್ತದೆ. ಇಂಥ ಹೆಸರುಗಳನ್ನು ಮನೆಯ ಹಿರಿಯರಿಂದಲೂ ನೆರೆಹೊರೆಯವರಿಂದಲೂ ಕೇಳಿ ಬರೆದುಕೊಳ್ಳುವುದು ಚಿತ್ರ ತೆಗೆಯುವುದರಷ್ಟೇ ಮುಖ್ಯವಾದ ಕೆಲಸ. ತಾಯಿತಂದೆಗಳು ಒಂದು ಭಾನುವಾರದ ಬೆಳಗ್ಗೆ ಮಕ್ಕಳೊಡನೆ ಬದುವಿಗೆ ಹೋಗಿ ತಾವು ಬಲ್ಲ ಗಿಡಗಳನ್ನು ತೋರಿಸಿದರೆ ಅದೇ ದೊಡ್ಡ ಸಹಾಯ.

ಒಂದು ಮಿಲಿಮೀಟರಿನ ಸ್ಫುಟತೆಯನ್ನು ಎಲ್ಲಿ ಇಡಬೇಕೆಂದು ತಿಳಿಯಬೇಕಾದರೆ ಗಿಡವನ್ನು ಮೊದಲು ಕಣ್ಣಾರೆ ನೋಡಿ ಅರಿತಿರಬೇಕು. ಯಂತ್ರ ಎಷ್ಟೇ ಉತ್ತಮವಾದುದಾದರೂ ಆ ಅರಿವನ್ನು ಕೊಡಲಾರದು. ನಾಲ್ಕಾರು ವರ್ಷ ಹೀಗೆ ಶ್ರದ್ಧೆಯಿಂದ ಚಿತ್ರಗಳನ್ನೂ ಹೆಸರುಗಳನ್ನೂ ಕೂಡಿಸಿದರೆ ನಮ್ಮ ಊರಿನ ಸಸ್ಯಗಳ ಒಂದು ಸಚಿತ್ರ ಪುಸ್ತಕ ಶಾಲೆಯ ಗ್ರಂಥಭಂಡಾರದಲ್ಲಿ ಸಿದ್ಧವಾಗುವುದು. ಮುಂದೆ ಬರುವ ಮಕ್ಕಳಿಗೆ ಬದುವಿನ ಗಿಡದ ಹೆಸರು ಬೇಕಾದಾಗ ಅದನ್ನು ತಿರುವಿ ನೋಡುವರು. ಈ ಕೆಲಸಕ್ಕೆ ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿಯೇ ಕೈಹಾಕಲಿ ಎಂಬುದು ನಮ್ಮ ಅಪೇಕ್ಷೆ.